ಕೃಷ್ಣೆಯ ತವರಿನ ಕೆರೆಗೆ

ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಹೊಲಗಳಿಗೆ ನೀರುಣಿಸುವ ಕೃಷ್ಣೆಯ ತವರು ಮಹಾಬಳೇಶ್ವರ. ಸುಮಾರು 1350 ಮೀಟರ್ ಎತ್ತರದ ಆ ಗಿರಿಧಾಮದಲ್ಲಿ, ಸಾತಾರೆಯ ರಾಜರು 1842ರಲ್ಲಿ ಕಟ್ಟಿಸಿದ ವೆಣ್ಣಾ ಕೆರೆಯಿದೆ.

ಹೊರಡುವವರು ಮೊದಲು ಕಾಲವನ್ನು ನೋಡಬೇಕು. ಅಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೇರೆಯ ವಾಸ ಸಲ್ಲದು. ಮಳೆ ತೀರಿದ ಮೇಲೆ ಆಕಾಶ ತಿಳಿಯಾಗುತ್ತದೆ. ಆದರೆ ಡಿಸೆಂಬರ್, ಜನವರಿಯ ಕೆಲವು ಇರುಳುಗಳಲ್ಲಿ ಕೆರೆಯಂಚಿನ ಇಬ್ಬನಿಯೂ ಹೆಪ್ಪುಗಟ್ಟುವುದುಂಟು. ಬಯಲುಸೀಮೆಯ ಚಳಿಯ ಲೆಕ್ಕ ಅಲ್ಲಿ ನಡೆಯದು. ಕಂಬಳಿ ಬೇಕೇ ಬೇಕು.

ನಿಪ್ಪಾಣಿಯವರಿಗೆ ಕೊಲ್ಹಾಪುರ, ಕರಾಡದ ಹೆದ್ದಾರಿ ಅನುಕೂಲ. ರಾಯಬಾಗ, ಕುಡಚಿಯವರು ಮಿರಜದ ಮೂಲಕ ರೈಲಿನಲ್ಲಿ ಸಾತಾರೆಯನ್ನು ಸೇರಬಹುದು. ಮುಂದೆ ಘಟ್ಟದ ದಾರಿ. ಪರವಾನಿಗೆಯುಳ್ಳ ಡೇರೆಯ ತಾಣವನ್ನು ಮೊದಲೇ ಗೊತ್ತುಮಾಡಿಕೊಂಡು, ಕತ್ತಲಾಗುವ ಮುನ್ನ ತಲುಪುವುದು ಲೇಸು.

ಕೆರೆಯಿಂದಿಳಿಯುವ ವೆಣ್ಣಾ ನದಿ ಸಾತಾರೆಯ ಬಳಿಯ ಮಾಹುಲಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. 2019ರ ಆಗಸ್ಟ್‌ನಲ್ಲಿ ಸಹ್ಯಾದ್ರಿಯ ಮಳೆ ಕೃಷ್ಣಾತೀರದ ಊರುಗಳನ್ನು ಮುಳುಗಿಸಿದಾಗ ಈ ನಂಟು ಎಲ್ಲರಿಗೂ ಮನವರಿಕೆಯಾಯಿತು. ಮೇಲೆ ಎಸೆದ ಕಸವೂ ಅದೇ ದಾರಿ ಹಿಡಿಯುತ್ತದೆ. ಆ ದಂಡೆಯನ್ನು ಚೊಕ್ಕಟವಾಗಿಟ್ಟು ಬಂದವನು ತನ್ನೂರಿನ ನೀರನ್ನೇ ಕಾಯ್ದುಕೊಂಡಂತೆ.