ಎಣ್ಣೆ ತಿಕ್ಕುವ ಕೈ ಮುಂದೆ ಏನು ಕಲಿಯಬೇಕು?

ನಿಮ್ಮ ಊರಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ಮೀಯಿಸುವವರು ಇದ್ದಾರಾ? ಸೊಂಟ ಹಿಡಿದವರಿಗೆ ತಿಕ್ಕಿ ಕೊಡುವವರು? ಇದ್ದೇ ಇರುತ್ತಾರೆ. ಅವರು ನೀವೇ ಆಗಿರಲೂ ಬಹುದು. ಹಾಗಿದ್ದರೆ ಈ ಪಾಠವನ್ನು ನಿಧಾನವಾಗಿ ಓದಿ. ಇದರಲ್ಲಿ ನಿಮ್ಮ ದುಡ್ಡಿನ ಮಾತು ಉಂಟು. ಇನ್ನೊಬ್ಬರ ಜೀವದ ಮಾತೂ ಉಂಟು.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬರು ಅಕ್ಕ ಬರುತ್ತಾರೆ. ಬದಿಯಡ್ಕದ ಕಡೆಯವರು. ಇಪ್ಪತ್ತು ವರ್ಷದಿಂದ ಬಾಣಂತಿಯರನ್ನು ಮೀಯಿಸುವ ಕೆಲಸ. ಅತ್ತೆಯಿಂದ ಕಲಿತದ್ದು. ಒಂದು ಸಂಜೆ ಅವರು ಒಂದು ಬಣ್ಣದ ಕಾಗದ ತಂದರು. ಮಸಾಜ್ ತರಬೇತಿಯ ಜಾಹೀರಾತು ಅದು. ಹತ್ತು ಬಗೆಯ ಮಸಾಜ್, 12 ದಿನ, 18,000 ರೂಪಾಯಿ, ಸರ್ಟಿಫಿಕೇಟ್ ಗ್ಯಾರಂಟಿ!

"ಟೀಚರೇ, ಅಯಲ್‌ಕೂಟದಲ್ಲಿ ಸಾಲ ತೆಗೀಬೇಕು ಅಂತ ಇದ್ದೇನೆ. ಇದು ಆದೀತಾ?" ಅಂತ ಕೇಳಿದರು.

ಹಿಂದಿನ ವರ್ಷ ಅವರು ಬೇರೆ ಒಂದು ಕಡೆ ಐದು ದಿನದ ತರಬೇತಿಗೆ 6,000 ರೂಪಾಯಿ ಕೊಟ್ಟಿದ್ದರು. ಚಿನ್ನದ ಬಣ್ಣದ ಸೀಲ್ ಇರುವ ಸರ್ಟಿಫಿಕೇಟ್ ಸಿಕ್ಕಿತು. ಅದನ್ನು ಹಿಡಿದುಕೊಂಡು ಒಂದು ಆಯುರ್ವೇದ ಕೇಂದ್ರಕ್ಕೆ ಕೆಲಸ ಕೇಳಲು ಹೋದರು. ಅಲ್ಲಿಯ ಡಾಕ್ಟ್ರು ಕಾಗದ ನೋಡಿ ವಾಪಸ್ ಕೊಟ್ಟರು. "ಇದು ನಡೆಯುವುದಿಲ್ಲ ಅಮ್ಮಾ" ಅಂದರಂತೆ. ಅದಕ್ಕೇ ಈ ಸಲ ಸಾಲ ಮಾಡುವ ಮೊದಲು ಕೇಳಿದ್ದು. ನಾವಿಬ್ಬರೂ ಕೂತು ಆ ಕಾಗದವನ್ನು ಸಾಲು ಸಾಲಾಗಿ ಓದಿದೆವು.

ಹತ್ತು ಹೆಸರು, ಹತ್ತು ಕೆಲಸ

ಅಭ್ಯಂಗ, ಪಿಳಿಚ್ಚಿಲ್, ಞವರಕಿಳಿ, ಶಿರೋಧಾರೆ, ಚವಿಟ್ಟಿ ಉಳಿಚ್ಚಿಲ್, ಸ್ವೀಡಿಷ್, ಥಾಯ್, ಶಿಯಾಟ್ಸು, ಪಾದದ ಮಸಾಜ್, ಬಿಸಿ ಕಲ್ಲಿನ ಮಸಾಜ್. 12 ದಿನದಲ್ಲಿ ಹತ್ತು ವಿದ್ಯೆ! ಒಂದಕ್ಕೆ ಒಂದು ದಿನ, ಮೇಲೆ ಸ್ವಲ್ಪ. ನೀರ್‌ದೋಸೆ ತೆಳ್ಳಗೆ ಎರೆಯಲು ಕಲಿಯುವುದಕ್ಕೇ ನನಗೆ ಅದಕ್ಕಿಂತ ಹೆಚ್ಚು ದಿನ ಹಿಡಿದಿತ್ತು.

ಈ ಹೆಸರುಗಳ ಹಿಂದೆ ಏನಿದೆ ನೋಡೋಣ.

ಅಭ್ಯಂಗ ಅಂದರೆ ಮೈಗೆಲ್ಲ ಎಣ್ಣೆ ಹಚ್ಚಿ ತಿಕ್ಕುವುದು. ಮಲಯಾಳದಲ್ಲಿ ಉಳಿಚ್ಚಿಲ್ ಅನ್ನುತ್ತಾರೆ. ಇದು ಉಳಿದ ಆಯುರ್ವೇದ ಕೆಲಸಗಳಿಗೆಲ್ಲ ಬುನಾದಿ. ಇದು ಸರಿಯಾಗಿ ಬಾರದವರಿಗೆ ಮುಂದಿನದು ಬಾರದು.

ಪಿಳಿಚ್ಚಿಲ್‌ನಲ್ಲಿ ಬಿಸಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಮೈಮೇಲೆ ಹಿಂಡುತ್ತಾರೆ. ಒಬ್ಬರಿಂದ ಆಗುವ ಕೆಲಸ ಅಲ್ಲ. ಎರಡೂ ಕಡೆ ಜನ ನಿಲ್ಲಬೇಕು. ಲೀಟರ್‌ಗಟ್ಟಲೆ ಎಣ್ಣೆ ಬೇಕು. ಞವರಕಿಳಿಗೆ 60 ದಿನದಲ್ಲಿ ಬೆಳೆಯುವ ಞವರ ಅಕ್ಕಿ ಬೇಕು. ಅದನ್ನು ಹಾಲು ಮತ್ತು ಕಷಾಯದಲ್ಲಿ ಬೇಯಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿ ಇರುವಾಗಲೇ ಮೈಗೆ ಉಜ್ಜುತ್ತಾರೆ. ಶಿರೋಧಾರೆಯಲ್ಲಿ ಹಣೆಯ ಮೇಲೆ ಎಣ್ಣೆಯ ಧಾರೆ ಬಿಡುತ್ತಾರೆ. ಇವು ಮೂರೂ ಚಿಕಿತ್ಸೆಗಳು. ಡಾಕ್ಟ್ರು ಬರೆದುಕೊಟ್ಟ ಮೇಲೆಯೇ ಮಾಡುವಂಥವು. ಮರದ ದ್ರೋಣಿ ಬೇಕು, ಒಲೆ ಬೇಕು, ಜೊತೆಗೆ ಕೆಲಸದವರು ಬೇಕು. ಕಲಿತು ಬಂದು ಮನೆಯ ಜಗಲಿಯಲ್ಲಿ ಶುರು ಮಾಡಲು ಆಗುವುದಿಲ್ಲ. ಆಸ್ಪತ್ರೆಯಲ್ಲೋ ಆಯುರ್ವೇದ ಕೇಂದ್ರದಲ್ಲೋ ಕೆಲಸ ಸಿಕ್ಕಿದರೆ ಮಾತ್ರ ಆ ವಿದ್ಯೆಗೆ ಸಂಬಳ.

ಚವಿಟ್ಟಿ ಉಳಿಚ್ಚಿಲ್ ಕಳರಿಯಿಂದ ಬಂದದ್ದು. ಮೇಲೆ ಕಟ್ಟಿದ ಹಗ್ಗ ಹಿಡಿದುಕೊಂಡು, ಕೆಳಗೆ ಮಲಗಿದವರನ್ನು ಕಾಲಿನಿಂದ ತಿಕ್ಕುತ್ತಾರೆ. ಒಂದು ದಿನದಲ್ಲಿ ಕಲಿತು ಯಾರದಾದರೂ ಬೆನ್ನಿನ ಮೇಲೆ ಕಾಲಿಟ್ಟರೆ ಏನಾದೀತು ಅಂತ ನೀವೇ ಯೋಚಿಸಿ.

ಥಾಯ್ ಮಸಾಜಿಗೆ ಎಣ್ಣೆಯೇ ಬೇಡ. ನೆಲದ ಹಾಸಿನ ಮೇಲೆ ಸಡಿಲ ಬಟ್ಟೆ ಹಾಕಿಕೊಂಡು ಮಲಗುತ್ತಾರೆ. ಒತ್ತುವುದು, ಕೈಕಾಲು ಎಳೆದು ಬಾಗಿಸುವುದು ಅದರ ಕ್ರಮ. ಯುನೆಸ್ಕೋ 2019ರಲ್ಲಿ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಜಪಾನಿನ ಶಿಯಾಟ್ಸು ಕೂಡ ಬಟ್ಟೆಯ ಮೇಲಿಂದಲೇ, ಹೆಚ್ಚಾಗಿ ಹೆಬ್ಬೆರಳಿನಿಂದ ಒತ್ತುವುದು. ಸ್ವೀಡಿಷ್‌ನಲ್ಲಿ ನೀವುವುದು, ಹಿಸುಕುವುದು, ಉಜ್ಜುವುದು, ತಟ್ಟುವುದು, ನಡುಗಿಸುವುದು ಅಂತ ಐದು ಕೈವರಸೆ. ಅಕ್ಕ ಇದನ್ನು ಕೇಳಿ ನಕ್ಕರು. "ಇದರಲ್ಲಿ ನಾಲ್ಕು ನಾನು ದಿನಾ ಮಾಡುವುದೇ ಅಲ್ವಾ!" ಅಂದರು. ನಿಜವೇ. ಹೆಸರು ಹೊಸತು, ಕೈ ಹಳೆಯದು. ಈ ಮಸಾಜುಗಳನ್ನು ಕೇಳುವವರು ಇರುವುದು ಮಂಗಳೂರು, ಬೆಂಗಳೂರು, ಕೊಚ್ಚಿಯ ಸ್ಪಾಗಳಲ್ಲಿ, ಕಡಲ ಕರೆಯ ರೆಸಾರ್ಟುಗಳಲ್ಲಿ. ಬದಿಯಡ್ಕದ ಬಾಣಂತಿ ಕೇಳುವುದಿಲ್ಲ.

ಅದಕ್ಕೇ ನಾನು ಅಕ್ಕನಿಗೆ ಕೇಳಿದ ಮೊದಲ ಪ್ರಶ್ನೆ ಇದು: ನೀವು ಯಾರ ಮೈ ಮುಟ್ಟಿ ಕೆಲಸ ಮಾಡಬೇಕು ಅಂತ ಇದ್ದೀರಿ? ಅವರು ನಿಮಗೆ ಎಲ್ಲಿ ಸಿಗುತ್ತಾರೆ? ಊರು ಬಿಟ್ಟು ಹೋಗಲು ನಿಮ್ಮಿಂದ ಆಗುತ್ತದಾ? ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದ ಮಾವ ಇದ್ದಾರೆ. ಕಾಲೇಜಿಗೆ ಹೋಗುವ ಮಗಳು ಇದ್ದಾಳೆ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಕೆಲಸವೇ ಆಗಬೇಕು. ಅಲ್ಲಿಗೆ ಹತ್ತರಲ್ಲಿ ಎಂಟು ಹೆಸರು ಬಿದ್ದುಹೋಯಿತು. ಒಂದು ಪೆನ್ನಿನಿಂದ ನಾವು ಅದನ್ನು ಹೊಡೆದೇ ಹಾಕಿದೆವು.

ಯಾರನ್ನು ಮುಟ್ಟಬಾರದು?

ಆ ಕಾಗದದಲ್ಲಿ ಇಲ್ಲದೇ ಇದ್ದ ಒಂದು ಪಾಠ ಉಂಟು. ನನ್ನ ಪ್ರಕಾರ ಅದೇ ಮೊದಲು ಕಲಿಯಬೇಕಾದ್ದು. ಯಾರಿಗೆ ತಿಕ್ಕಬಾರದು ಅನ್ನುವುದು.

ಹೆರಿಗೆ ಆದ ಮೇಲೆ ಕೆಲವು ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಆಗ ಸಾಮಾನ್ಯವಾಗಿ ಒಂದೇ ಕಾಲು ಊದುತ್ತದೆ. ಮೀನಖಂಡ ನೋಯುತ್ತದೆ, ಮುಟ್ಟಿದರೆ ಬಿಸಿ. "ಕಾಲು ಹಿಡಿದಿದೆ, ಸ್ವಲ್ಪ ಗಟ್ಟಿ ತಿಕ್ಕಿ" ಅಂತ ಬಾಣಂತಿಯೇ ಹೇಳಬಹುದು. ತಿಕ್ಕಬೇಡಿ. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ ಕಳಿಸಿ. ಅಕ್ಕ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಯಾರೂ ಇದನ್ನು ಅವರಿಗೆ ಹೇಳಿರಲಿಲ್ಲ.

ಸಿಸೇರಿಯನ್ ಆದವರ ಹೊಟ್ಟೆಯ ಗಾಯ ಪೂರ್ತಿ ಒಣಗುವವರೆಗೆ ಅಲ್ಲಿ ಎಣ್ಣೆ ಬೇಡ, ಒತ್ತುವುದೂ ಬೇಡ. ಡಾಕ್ಟ್ರ ಮಾತು ಕೇಳಿಯೇ ಮುಂದುವರಿಯಿರಿ. ಜ್ವರ ಇರುವವರಿಗೆ ತಿಕ್ಕಬೇಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಗಟ್ಟಿ ಒತ್ತಬೇಡಿ. ಸಕ್ಕರೆ ಕಾಯಿಲೆ ಹಳತಾದವರಿಗೆ ಪಾದದಲ್ಲಿ ಸ್ಪರ್ಶ ಇಲ್ಲದಿರಬಹುದು. ಬಿಸಿ ಗಂಟು ಇಟ್ಟರೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಬಿದ್ದು ಕೈ ಉಳುಕಿತು ಅಂತ ಬಂದವರಿಗೆ ಮೂಳೆ ಮುರಿದಿರಲೂಬಹುದು. ಎಕ್ಸ್‌ರೇ ತೆಗೆಯದೆ ಎಳೆಯಬೇಡಿ.

ಮಗುವಿಗೆ ಎಣ್ಣೆ ಹಚ್ಚುವುದು ಚಂದದ ಕೆಲಸ. ಆದರೆ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ನೆತ್ತಿ ಒತ್ತುವುದು, ಮೂಗು ನೀಟ ಮಾಡಲು ಎಳೆಯುವುದು, ಕಾಲು ಹಿಡಿದು ತಲೆಕೆಳಗೆ ತೂಗುವುದು ಎಲ್ಲ ಬಿಡಬೇಕು. ಅಜ್ಜಿಯಂದಿರು ಬೇಸರ ಮಾಡಿಕೊಂಡಾರು. ಮಾಡಿಕೊಳ್ಳಲಿ.

ನಮ್ಮ ಎಣ್ಮಕಜೆ, ಬೆಳ್ಳೂರು ಕಡೆಯ ಕೆಲವು ಮನೆಗಳಲ್ಲಿ ಕೈಕಾಲು ಸೆಟೆದು ಮಲಗಿದ ಮಕ್ಕಳು, ದೊಡ್ಡವರು ಇದ್ದಾರೆ. ಅಂಥ ಮನೆಯ ತಾಯಂದಿರೂ ಉಳಿಚ್ಚಿಲ್ ಕಲಿಯಬೇಕು ಅನ್ನುತ್ತಾರೆ. ಅವರಿಗೆ ಸಾವಿರಾರು ರೂಪಾಯಿಯ ತರಬೇತಿ ಬೇಡವೇ ಬೇಡ. ಸೆಟೆದ ಕೈಯನ್ನು ಬಲ ಹಾಕಿ ಬಿಡಿಸಿದರೆ ಮೂಳೆ ಮುರಿದೀತು. ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, ಆ ಮಗುವನ್ನೇ ತೋರಿಸಿ, "ಮನೆಯಲ್ಲಿ ನಾನು ಏನು ಮಾಡಬಹುದು, ಎಷ್ಟು ಮಾಡಬಹುದು" ಅಂತ ಕೇಳಿ. ಬಡ್ಸ್ ಶಾಲೆಯಲ್ಲಿಯೂ ವಿಚಾರಿಸಿ. ನಿಮ್ಮ ಮಗುವಿಗೆ ಬೇಕಾದ ವಿದ್ಯೆ ಅದು.

ಸರ್ಟಿಫಿಕೇಟ್ ಯಾರು ಕೊಡುತ್ತಾರೆ?

ಈಗ ಕಾಗದದ ಕೆಳಗಿನ ಸಣ್ಣ ಅಕ್ಷರ ಓದೋಣ. ಅಲ್ಲಿ ಸರ್ಟಿಫಿಕೇಟ್ ಕೊಡುವವರ ಹೆಸರು ಇರುತ್ತದೆ. ತರಬೇತಿ ಕೊಡುವವರೇ ಅಚ್ಚು ಹಾಕಿಸಿ ಕೊಡುವುದು ಒಂದು ಬಗೆ. ಸರ್ಕಾರ ಒಪ್ಪಿದ ಸಂಸ್ಥೆ ಪರೀಕ್ಷೆ ಮಾಡಿ ಕೊಡುವುದು ಇನ್ನೊಂದು ಬಗೆ. ನೋಡಲು ಎರಡೂ ಒಂದೇ ಥರ. ಕೆಲಸ ಕೇಳಲು ಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಕೇರಳದಲ್ಲಿ ಸರ್ಕಾರದ ಆಯುರ್ವೇದ ಥೆರಪಿಸ್ಟ್ ಕೋರ್ಸ್ ಉಂಟು. ಒಂದು ವರ್ಷದ್ದು. ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ವಯಸ್ಸಿನ ಮಿತಿಯೂ ಉಂಟು. ಪ್ರಕಟಣೆ ಬಂದಾಗ ಅದನ್ನು ಮೊದಲು ಓದಿ. ನಮಗೆ ಹತ್ತಿರದ ಸರ್ಕಾರಿ ಆಯುರ್ವೇದ ಕಾಲೇಜು ಕಣ್ಣೂರು ಜಿಲ್ಲೆಯ ಪರಿಯಾರದಲ್ಲಿದೆ. ಅಲ್ಲಿ ವಿಚಾರಿಸಬಹುದು. ತೃಶ್ಶೂರು ಜಿಲ್ಲೆಯ ಚೆರುತುರುತ್ತಿಯಲ್ಲಿ ಕೇಂದ್ರ ಸರ್ಕಾರದ ಪಂಚಕರ್ಮ ಸಂಶೋಧನಾ ಸಂಸ್ಥೆ ಇದೆ. ಪಂಚಕರ್ಮ ಟೆಕ್ನಿಶಿಯನ್ ತರಬೇತಿ ಅಲ್ಲಿಯೂ ನಡೆದಿದೆ. ಇಂಥ ಕಡೆ ಕಲಿತವರನ್ನು ಆಸ್ಪತ್ರೆಗಳು ಕರೆದು ಕೆಲಸ ಕೊಡುತ್ತವೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ತಿಕ್ಕುವುದು ಆಯುರ್ವೇದ ಕೇಂದ್ರಗಳ ಕ್ರಮ. ಹಾಗಾಗಿ ಕಲಿತ ಹೆಂಗಸರಿಗೆ ಬೇಡಿಕೆ ಉಂಟು.

ನಮ್ಮಲ್ಲಿ ಬಹಳ ಜನ ಹತ್ತನೇ ತರಗತಿ ಓದಿದವರಲ್ಲ. ಅವರು ಏನು ಮಾಡಬೇಕು? ಸಾಕ್ಷರತಾ ಮಿಷನ್ನಿನ ತುಲ್ಯತಾ ಪರೀಕ್ಷೆ ಉಂಟಲ್ಲ! ನಾಲ್ಕು, ಏಳು, ಆಮೇಲೆ ಹತ್ತು. ಏಳು ಪಾಸಾಗಿ, 17 ವರ್ಷ ತುಂಬಿದವರು ಹತ್ತಕ್ಕೆ ಸೇರಬಹುದು. ಕನ್ನಡದಲ್ಲೇ ಬರೆಯಬಹುದು. ಗಲ್ಫಿಗೆ ಹೋಗುವ ಯೋಚನೆ ಇದ್ದವರಿಗೂ ಈ ಹತ್ತು ಬೇಕಾಗುತ್ತದೆ. ಹತ್ತು ಪಾಸಾಗದವರು ಗಲ್ಫಿನ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಎಮಿಗ್ರೇಷನ್ ಅನುಮತಿ ಪಡೆಯಬೇಕು. ಅದನ್ನು ತಪ್ಪಿಸಲು ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಅನ್ನುವ ಏಜೆಂಟರ ಮಾತು ನಂಬಬೇಡಿ. ಊರಿನಲ್ಲೇ ಆಗಲಿ ಹೊರಗೇ ಆಗಲಿ, ಮೂಲ ಸರ್ಟಿಫಿಕೇಟನ್ನು, ಪಾಸ್‌ಪೋರ್ಟನ್ನು ಯಾರ ಕೈಯಲ್ಲೂ ಇಟ್ಟು ಬರಬೇಡಿ. ಸ್ಪಾದ ಹೆಸರು ಹೇಳಿ ಹೆಣ್ಣುಮಕ್ಕಳನ್ನು ಬೇರೆ ಕೆಲಸಕ್ಕೆ ದೂಡಿದ ಪ್ರಕರಣಗಳು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತವೆ. ಸಂಬಳ, ಸಮಯ, ಕೆಲಸ ಎಲ್ಲವನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ.

ದುಡ್ಡು ಕಟ್ಟುವ ಮೊದಲು ತರಬೇತಿಯ ಜಾಗವನ್ನು ಕಣ್ಣಾರೆ ನೋಡಿ. ಕಲಿಸುವವರು ಯಾರು, ಅಲ್ಲಿ ಡಾಕ್ಟ್ರು ಇದ್ದಾರಾ, ದಿನಕ್ಕೆ ಎಷ್ಟು ಹೊತ್ತು ನಿಮ್ಮ ಕೈಯಿಂದ ಮಾಡಿಸುತ್ತಾರೆ ಅಂತ ಕೇಳಿ. ವೀಡಿಯೋ ತೋರಿಸಿ ಕಳಿಸುವವರೂ ಇದ್ದಾರೆ. ಪಾಠ ಯಾವ ಭಾಷೆಯಲ್ಲಿ, ಪರೀಕ್ಷೆ ಯಾವ ಭಾಷೆಯಲ್ಲಿ? ಹಿಂದಿನ ತಂಡದ ಇಬ್ಬರ ಫೋನ್ ನಂಬರ್ ಕೇಳಿ, ಅವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ವಿಚಾರಿಸಿ. ನಂಬರ್ ಕೊಡದಿದ್ದರೆ ಅದೂ ಒಂದು ಉತ್ತರವೇ.

ನಿಮ್ಮ ಕೈಯನ್ನೂ ನೋಡಿಕೊಳ್ಳಿ

ಅಕ್ಕನ ಬಲಗೈ ಹೆಬ್ಬೆರಳು ಎರಡು ವರ್ಷದಿಂದ ನೋಯುತ್ತಿದೆ. ಇದು ಈ ಕೆಲಸದವರಿಗೆಲ್ಲ ಬರುವ ನೋವು. ಬೆರಳಿನ ಬಲದಿಂದ ಒತ್ತಿ ಒತ್ತಿ ಗಂಟು ಸವೆಯುತ್ತದೆ. ಅಂಗೈ, ಮುಂಗೈ, ಮೊಣಕೈ ಬಳಸಲು, ತೋಳಿನ ಬದಲು ಮೈಯ ಭಾರ ಹಾಕಲು ಒಳ್ಳೆಯ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಮಂಚ ತಗ್ಗಾದರೆ ಸೊಂಟ ಹೋಗುತ್ತದೆ ಅಂತಲೂ ಹೇಳುತ್ತಾರೆ. ಹೆಬ್ಬೆರಳು ಈಗಾಗಲೇ ನೋಯುವವರು ಶಿಯಾಟ್ಸು ಕಲಿಯಲು ದುಡ್ಡು ಹಾಕಿದರೆ ಅದು ವ್ಯರ್ಥ.

ಅಕ್ಕ ಸಾಲ ತೆಗೆಯಲಿಲ್ಲ. ಪಂಚಾಯತಿನ ಆಯುರ್ವೇದ ಡಿಸ್ಪೆನ್ಸರಿಯ ಡಾಕ್ಟ್ರ ಹತ್ತಿರ ಹೋದರು. ತಾನು ಮಾಡುವ ಕೆಲಸವನ್ನು ಹೇಳಿದರು. ಡಾಕ್ಟ್ರು ಬೈಯಲಿಲ್ಲ. ಯಾವ ಬಾಣಂತಿಗೆ ಬೇಡ, ಯಾವ ಎಣ್ಣೆ ಯಾವುದಕ್ಕೆ ಅಂತ ಎರಡು ಮಧ್ಯಾಹ್ನ ಕೂತು ಹೇಳಿಕೊಟ್ಟರು. ಧಾನ್ವಂತರ, ಕ್ಷೀರಬಲಾ, ಕೊಟ್ಟಂಚುಕ್ಕಾದಿ, ಲಾಕ್ಷಾದಿ. ಅಕ್ಕ ಈ ಹೆಸರುಗಳನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ. ಮೊದಲು ಬಾಟ್ಲಿಯ ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದರು. ಈಗ ಲೇಬಲ್ ಓದುತ್ತಾರೆ, ತಾರೀಕು ನೋಡುತ್ತಾರೆ. ಕಳೆದ ತಿಂಗಳು ಒಂದು ಮನೆಯಲ್ಲಿ ಬಾಣಂತಿಯ ಎಡಗಾಲು ಮಾತ್ರ ಊದಿದ್ದು ಕಂಡು, ತಿಕ್ಕದೆ ಆಸ್ಪತ್ರೆಗೆ ಕಳಿಸಿದರು.

ಥೆರಪಿಸ್ಟ್ ಕೋರ್ಸಿಗೆ ತನಗೆ ವಯಸ್ಸು ಮೀರಿತು ಅಂತ ಅವರಿಗೆ ಗೊತ್ತು. ಮಗಳಿಗೆ ಅದರ ಪ್ರಕಟಣೆ ಹುಡುಕಲು ಹೇಳಿದ್ದಾರೆ. ತಾವು ಏಳನೇ ತರಗತಿಯ ತುಲ್ಯತೆಗೆ ಕೂತಿದ್ದಾರೆ. ನಿಮ್ಮ ಹತ್ತಿರವೂ ಅಂಥ ಬಣ್ಣದ ಕಾಗದ ಇದ್ದರೆ, ಬರುವ ವಾರದ ತರಗತಿಗೆ ತನ್ನಿ. ಒಂದು ಪೆನ್ನು ಹಿಡಿದುಕೊಂಡು ಒಟ್ಟಿಗೆ ಓದೋಣ.