ಚರ್ಮದ ಆರೈಕೆ

ದೇಹದ ಅಂಗಗಳನ್ನು ಹೆಸರಿಸಿರೆಂದು ಕೇಳಿದರೆ ನಾವು ಕಣ್ಣು, ಕಿವಿ, ಹೃದಯ, ಶ್ವಾಸಕೋಶ, ಯಕೃತ್ತು ಎಂದು ಎಣಿಸುತ್ತ ಹೋಗುತ್ತೇವೆ. ಇವೆಲ್ಲವನ್ನೂ ಹೊರಗಿನಿಂದ ಆವರಿಸಿ ಕಾಪಾಡುತ್ತಿರುವ ಚರ್ಮವೂ ಒಂದು ಅಂಗವೆಂಬುದು ಬಹುಮಂದಿಗೆ ಹೊಳೆಯುವುದೇ ಇಲ್ಲ. ಬೆಳೆದ ಮನುಷ್ಯನ ಚರ್ಮವನ್ನು ಬಿಡಿಸಿ ಹಾಸುವುದು ಸಾಧ್ಯವಾದರೆ ಅದು ಒಂದೂವರೆಯಿಂದ ಎರಡು ಚದರ ಮೀಟರುಗಳಷ್ಟು ನೆಲವನ್ನು ಮುಚ್ಚೀತು. ಒಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನ ರೋಗಾಣುಗಳು ಒಳನುಗ್ಗದಂತೆ ಅದು ಹಗಲಿರುಳೂ ಕಾವಲು ಕಾಯುತ್ತದೆ. ಬೆವರನ್ನು ಹೊರಸೂಸಿ ಮೈಯನ್ನು ತಂಪಾಗಿಡುತ್ತದೆ. ಬಿಸಿ, ತಂಪು, ನೋವು, ಸ್ಪರ್ಶಗಳ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಸೂರ್ಯನ ಬೆಳಕಿನಿಂದ ‘ಡಿ’ ಜೀವಸತ್ವವನ್ನು ತಯಾರಿಸುತ್ತದೆ. ತೊಟ್ಟ ಅಂಗಿ ಹರಿದರೆ ಹೊಸದನ್ನು ಹೊಲಿಸಿಕೊಳ್ಳಬಹುದು. ಹುಟ್ಟುವಾಗ ತೊಟ್ಟು ಬಂದ ಈ ಉಡುಪನ್ನು ಮಾತ್ರ ಕೊನೆಯವರೆಗೂ ತೊಟ್ಟಿರಬೇಕು. ಆದುದರಿಂದ ಅದನ್ನು ಕಾಪಾಡಿಕೊಳ್ಳುವ ಬಗೆಯನ್ನು ಎಳೆಯ ವಯಸ್ಸಿನಲ್ಲಿಯೇ ಅರಿತಿರುವುದು ಒಳ್ಳೆಯದು.

ಆರೈಕೆಗೆ ಮೊದಲು ಚರ್ಮದ ರಚನೆಯನ್ನು ತಿಳಿಯಬೇಕು. ಚರ್ಮದಲ್ಲಿ ಹೊರಚರ್ಮ, ಒಳಚರ್ಮ ಎಂಬ ಎರಡು ಮುಖ್ಯ ಪದರಗಳಿವೆ. ಅವುಗಳ ಕೆಳಗೆ ಕೊಬ್ಬಿನ ಹಾಸು ಇದೆ. ಹೊರಚರ್ಮದ ತಳದಲ್ಲಿ ಹೊಸ ಜೀವಕೋಶಗಳು ಎಡೆಬಿಡದೆ ಹುಟ್ಟುತ್ತಿರುತ್ತವೆ. ಅವು ಹಳೆಯ ಕೋಶಗಳನ್ನು ಮೇಲಕ್ಕೆ ತಳ್ಳುತ್ತವೆ. ಮೇಲೇರುತ್ತ ಹೋದಂತೆ ಆ ಕೋಶಗಳು ಚಪ್ಪಟೆಯಾಗಿ, ನಿರ್ಜೀವವಾಗಿ, ಕೊನೆಗೆ ಕಣ್ಣಿಗೆ ಕಾಣದ ಹೊಟ್ಟಾಗಿ ಉದುರಿಹೋಗುತ್ತವೆ. ಯೌವನದಲ್ಲಿ ಈ ಪಯಣಕ್ಕೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ವಯಸ್ಸಾದಂತೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಮೇಲುಭಾಗದ ಈ ನಿರ್ಜೀವ ಕೋಶಗಳು ಗೋಡೆಯ ಇಟ್ಟಿಗೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಅವುಗಳ ನಡುವಣ ಜಿಡ್ಡು ಗಾರೆಯಂತೆ ಅವನ್ನು ಬೆಸೆದಿರುತ್ತದೆ. ತೈಲಗ್ರಂಥಿಗಳ ಎಣ್ಣೆಯೂ ಬೆವರೂ ಸೇರಿ ಇದರ ಮೇಲೆ ತುಸು ಆಮ್ಲಗುಣದ ತೆಳುವಾದ ಪೊರೆಯೊಂದನ್ನು ಹರಡುತ್ತವೆ. ಅನೇಕ ರೋಗಾಣುಗಳಿಗೆ ಈ ಆಮ್ಲಗುಣ ಹಿಡಿಸುವುದಿಲ್ಲ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಚರ್ಮವು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಅಂಗ. ಅದರ ಕೆಲಸಕ್ಕೆ ಅಡ್ಡಿಯಾಗದಂತೆ ನಡೆದುಕೊಂಡು, ಅಷ್ಟಿಷ್ಟು ನೆರವಾಗುವುದೇ ನಾವು ಮಾಡಬೇಕಾದ ಆರೈಕೆ. ಈ ನೆರವು ಮೂರು ಬಗೆಯದು: ಶುಚಿಗೊಳಿಸುವುದು, ತೇವವನ್ನು ಕಾಯುವುದು, ಬಿಸಿಲಿನಿಂದ ರಕ್ಷಿಸುವುದು. ಇವುಗಳಿಗೆ ಹೆಚ್ಚು ಹಣ ಬೇಕಿಲ್ಲ. ಪ್ರತಿದಿನವೂ ತಪ್ಪದೆ ಮಾಡುವ ನಿಷ್ಠೆ ಬೇಕು.

ಮೊದಲನೆಯದು ಶುಚಿತ್ವ. ಬೆವರು, ಧೂಳು, ಹೊಗೆ, ಜಿಡ್ಡುಗಳನ್ನು ತೊಳೆಯಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಸಾಮಾನ್ಯ ಸಾಬೂನು ಕ್ಷಾರಗುಣವುಳ್ಳದ್ದು. ದಿನಕ್ಕೆ ನಾಲ್ಕೈದು ಸಲ ಸಾಬೂನು ಹಾಕಿ ಉಜ್ಜಿದರೆ ಕೊಳೆಯೊಡನೆ ಮೇಲಿನ ಪೊರೆಯೂ ಇಟ್ಟಿಗೆಗಳ ನಡುವಣ ಗಾರೆಯೂ ಕರಗಿಹೋಗುತ್ತವೆ. ಆಗ ಚರ್ಮ ಒರಟಾಗಿ ಬಿಗಿಯುತ್ತದೆ, ತುರಿಸುತ್ತದೆ. ಮುಖವನ್ನು ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಬಹಳ ಬೆವರಿದಾಗ ಇನ್ನೊಮ್ಮೆ ಸೌಮ್ಯವಾದ ಸಾಬೂನಿನಿಂದ ತೊಳೆದರೆ ಸಾಕು. ಕುದಿಯುವಂಥ ಬಿಸಿನೀರಿಗಿಂತ ಉಗುರುಬೆಚ್ಚಗಿನ ನೀರು ಲೇಸು. ಟವೆಲಿನಿಂದ ಉಜ್ಜದೆ ಮೆಲ್ಲಗೆ ಒತ್ತಿ ನೀರನ್ನು ಹೀರಿಸಬೇಕು. ನಮ್ಮ ಮನೆಗಳಲ್ಲಿ ಬಳಕೆಯಲ್ಲಿದ್ದ ಕಡಲೆಹಿಟ್ಟು, ಹೆಸರುಹಿಟ್ಟುಗಳು ಜಿಡ್ಡನ್ನು ಹೀರುತ್ತವೆ. ಒಗ್ಗುವವರು ಅವನ್ನು ಬಳಸಬಹುದು, ಒರಟಾಗಿ ತಿಕ್ಕಬಾರದು ಅಷ್ಟೆ.

ನಿಮ್ಮ ವಯಸ್ಸಿನಲ್ಲಿ ಮುಖದ ತೈಲಗ್ರಂಥಿಗಳು ಚುರುಕಾಗುತ್ತವೆ. ರೋಮಕೂಪಗಳಲ್ಲಿ ಎಣ್ಣೆಯೂ ಸತ್ತ ಕೋಶಗಳೂ ಕಟ್ಟಿಕೊಂಡು ಮೊಡವೆಗಳೇಳುತ್ತವೆ. ಇದು ಬೆಳವಣಿಗೆಯ ಒಂದು ಹಂತ. ಕೊಳಕಿನ ಗುರುತಲ್ಲ, ನಾಚಿಕೆಪಡುವ ವಿಷಯವೂ ಅಲ್ಲ. ಮತ್ತೆ ಮತ್ತೆ ತೊಳೆದರೆ ಅವು ಮಾಯವಾಗುವುದಿಲ್ಲ. ಉಗುರಿನಿಂದ ಚಿವುಟಿದರೆ ಕೀವು ಒಳಗೆ ಹರಡಿ, ತಿಂಗಳಲ್ಲಿ ಮಾಯಬೇಕಾದ ಮೊಡವೆ ಬಾಳಿಡೀ ಉಳಿಯುವ ಗುಳಿಯನ್ನು ಬಿಟ್ಟುಹೋದೀತು. ಮೊಡವೆಗಳು ದೊಡ್ಡವಾಗಿ ನೋಯುತ್ತಿದ್ದರೆ ವೈದ್ಯರಲ್ಲಿ ಒಳ್ಳೆಯ ಚಿಕಿತ್ಸೆಯಿದೆ.

ಎರಡನೆಯದು ತೇವವನ್ನು ಕಾಯುವುದು. ಸ್ನಾನ ಮುಗಿಸಿದ ಕೆಲವೇ ನಿಮಿಷಗಳಲ್ಲಿ, ಮೈ ಇನ್ನೂ ತುಸು ಒದ್ದೆಯಾಗಿರುವಾಗಲೇ, ಕೊಬ್ಬರಿಯೆಣ್ಣೆಯನ್ನೋ ವ್ಯಾಸಲೀನನ್ನೋ ಸುವಾಸನೆಯಿಲ್ಲದ ಸಾದಾ ಲೇಪವನ್ನೋ ತೆಳ್ಳಗೆ ಹಚ್ಚಿಕೊಂಡರೆ ನೀರಿನಂಶ ಒಳಗೇ ಉಳಿಯುತ್ತದೆ. ಆದರೆ ಇದರಲ್ಲಿ ಎಲ್ಲರಿಗೂ ಒಂದೇ ನಿಯಮ ಹೊಂದುವುದಿಲ್ಲ. ಬೀದರ್, ವಿಜಯಪುರಗಳ ಚಳಿಗಾಲದ ಒಣಗಾಳಿಗೆ ಕೈಕಾಲು ಬಿರಿಯುತ್ತವೆ, ಹಿಮ್ಮಡಿ ಒಡೆಯುತ್ತದೆ. ಅಲ್ಲಿಯವರಿಗೆ ಎಣ್ಣೆ ಬೇಕು. ಮಂಗಳೂರು, ಕಾರವಾರಗಳ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಅಲ್ಲಿ ತೊಡೆಸಂದು, ಕಂಕುಳು, ಕಾಲ್ಬೆರಳುಗಳ ಎಡೆಯನ್ನು ಒಣಗಿಸಿಟ್ಟುಕೊಳ್ಳುವುದೇ ಮುಖ್ಯ. ಇಲ್ಲವಾದರೆ ಶಿಲೀಂಧ್ರ ತಗಲಿ ಹುಳುಕಡ್ಡಿ ಏಳುತ್ತದೆ. ಜಿಡ್ಡುಮುಖದವರು ಮುಖಕ್ಕೆ ಎಣ್ಣೆ ಬಳಿದುಕೊಂಡರೆ ಮೊಡವೆ ಹೆಚ್ಚಬಹುದು. ಹೀಗೆ ಊರು, ಋತು, ವಯಸ್ಸು, ಕೆಲಸಗಳನ್ನು ನೋಡಿ ಅವರವರ ಕ್ರಮವನ್ನು ಅವರವರೇ ಕಂಡುಕೊಳ್ಳಬೇಕು.

ಮೂರನೆಯದು ಬಿಸಿಲಿನಿಂದ ರಕ್ಷಣೆ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅವುಗಳಲ್ಲಿ ‘ಬಿ’ ಬಗೆಯ ಕಿರಣಗಳು ಮೇಲುಚರ್ಮವನ್ನು ಸುಡುತ್ತವೆ. ‘ಎ’ ಬಗೆಯವು ಆಳಕ್ಕಿಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ನಾರುಗಳನ್ನು ಸಡಿಲಗೊಳಿಸುತ್ತವೆ. ಕಿಟಕಿಯ ಗಾಜು ಇವನ್ನು ಪೂರ್ತಿಯಾಗಿ ತಡೆಯಲಾರದು. ಇದಕ್ಕೊಂದು ಸೋಜಿಗದ ನಿದರ್ಶನವನ್ನು ಅಮೆರಿಕದ ವೈದ್ಯರು 2012ರಲ್ಲಿ ಪ್ರಕಟಿಸಿದರು. 28 ವರ್ಷ ಲಾರಿ ಓಡಿಸಿದ್ದ 69 ವರ್ಷದ ಚಾಲಕನೊಬ್ಬನ ಮುಖದ ಎಡಭಾಗ ಬಲಭಾಗಕ್ಕಿಂತ ಬಹಳ ಮುದಿಯಾಗಿ, ದಪ್ಪನೆಯ ಸುಕ್ಕುಗಳಿಂದ ತುಂಬಿಹೋಗಿತ್ತು. ಆ ದೇಶದಲ್ಲಿ ಚಾಲಕನ ಎಡಕ್ಕೆ ಕಿಟಕಿಯಿರುತ್ತದೆ. ಒಂದೇ ಮುಖ, ಒಂದೇ ಆಹಾರ, ಒಂದೇ ವಯಸ್ಸು. ಬೇರೆಯಾಗಿದ್ದುದು ಬಿಸಿಲು ಒಂದೇ.

ನಿತ್ಯದ ಅಭ್ಯಾಸದಿಂದ ಈ ಹಾನಿಯನ್ನು ತಗ್ಗಿಸಬಹುದೆ? ಆಸ್ಟ್ರೇಲಿಯದ ನ್ಯಾಂಬರ್ ಎಂಬ ಊರಿನ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಿದ ವಿಜ್ಞಾನಿಗಳು 2013ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಸನ್‌ಸ್ಕ್ರೀನ್ ಎಂದು ಕರೆಯುವ, ಬಿಸಿಲನ್ನು ತಡೆಯುವ ಲೇಪವನ್ನು ಪ್ರತಿದಿನ ಹಚ್ಚಿಕೊಂಡವರ ಚರ್ಮ, ಮನಸ್ಸು ಬಂದಾಗ ಮಾತ್ರ ಹಚ್ಚಿಕೊಂಡವರದಕ್ಕಿಂತ ಶೇಕಡ 24ರಷ್ಟು ಕಡಿಮೆ ಮುಪ್ಪಾಗಿತ್ತು. ಅಲ್ಲಿಯವರು ಹೆಚ್ಚಾಗಿ ಬಿಳಿಯ ಚರ್ಮದವರು. ನಮ್ಮ ಚರ್ಮಕ್ಕೆ ಬಣ್ಣದ ರಕ್ಷಣೆ ಸ್ವಲ್ಪಮಟ್ಟಿಗೆ ಹುಟ್ಟಿನಿಂದಲೇ ಇದೆ. ಆದರೂ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ನಾಲ್ಕರವರೆಗಿನ ಬಿಸಿಲಿನಲ್ಲಿ ಕೊಡೆ, ಅಗಲವಾದ ಟೊಪ್ಪಿಗೆ, ತುಂಬುತೋಳಿನ ಹತ್ತಿಯ ಅಂಗಿ ಎಲ್ಲರಿಗೂ ಹಿತ. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ತಲೆಗೆ ವಸ್ತ್ರ ಸುತ್ತಿಕೊಳ್ಳುವುದರಲ್ಲಿ ಜಾಣತನವಿದೆ. ಸನ್‌ಸ್ಕ್ರೀನ್ ಕೊಳ್ಳಬಲ್ಲವರು ಎಸ್.ಪಿ.ಎಫ್. 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ಆರಿಸಿ, ಹೊರಗೇ ಇರಬೇಕಾದಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಇಲ್ಲಿ ಬಣ್ಣದ ಮಾತನ್ನು ಆಡದೆ ಮುಂದೆ ಹೋಗುವಂತಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ವಸ್ತು ಮೆಲನಿನ್. ಅದನ್ನು ತಯಾರಿಸುವ ಕೋಶಗಳ ಸಂಖ್ಯೆ ಕಪ್ಪು ಜನರಲ್ಲಿಯೂ ಬಿಳಿಯ ಜನರಲ್ಲಿಯೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ನಿನ ಬಗೆ ಮತ್ತು ಪ್ರಮಾಣಗಳಲ್ಲಿ ಮಾತ್ರ ವ್ಯತ್ಯಾಸ. ಅತಿನೇರಳೆ ಕಿರಣಗಳನ್ನು ಹೀರಿ ಒಳಗಿನ ಕೋಶಗಳನ್ನು ಕಾಯುವುದು ಅದರ ಕೆಲಸ. ಕಪ್ಪು ಬಣ್ಣ ರೋಗವಲ್ಲ. ಆದಕಾರಣ ಅದಕ್ಕೆ ಔಷಧವೂ ಬೇಕಿಲ್ಲ. ಹಾಗಿದ್ದೂ ಮೈಬಣ್ಣವನ್ನು ತಿಳಿಗೊಳಿಸುವ ಆಸೆಗೆ ಎಷ್ಟೋ ಎಳೆಯ ಮುಖಗಳು ಬಲಿಯಾಗುತ್ತಿವೆ. ಕೆಲವು ಬಿಳುಪಿನ ಮುಲಾಮುಗಳಲ್ಲಿ ಪಾದರಸವಿರುತ್ತದೆ. ಅದು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡಗಳನ್ನೂ ನರಗಳನ್ನೂ ಕೆಡಿಸುತ್ತದೆ. ಇನ್ನು ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಎಂಬ ತೀಕ್ಷ್ಣವಾದ ಔಷಧವಿರುತ್ತದೆ. ವೈದ್ಯರು ಹೇಳಿದಷ್ಟು ದಿನ, ಹೇಳಿದ ಕಡೆ ಹಚ್ಚಿದರೆ ಅದು ಉಪಕಾರಿ. ಮನಬಂದಂತೆ ಮುಖಕ್ಕೆ ಬಳಿದರೆ ಅಪಕಾರಿ.

ನಾನು ಅಧ್ಯಾಪಕನಾಗಿದ್ದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನೆರೆಯವರ ಮಾತು ಕೇಳಿ ಇಂಥದೊಂದು ಮುಲಾಮನ್ನು ಹಚ್ಚಿಕೊಳ್ಳತೊಡಗಿದಳು. ಮೊದಲ ಕೆಲವು ವಾರ ಮುಖ ತಿಳಿಯಾಯಿತು, ಗೆಳತಿಯರು ಹೊಗಳಿದರು. ತಿಂಗಳುಗಳು ಕಳೆದಂತೆ ಕೆನ್ನೆಗಳು ಕೆಂಪಡರಿದವು. ಚರ್ಮ ತೆಳುವಾಗಿ ರಕ್ತನಾಳಗಳು ದಾರದೆಳೆಗಳಂತೆ ಕಾಣಿಸಿದವು. ಬಿಸಿಲಿಗೆ ಬಂದರೆ ಉರಿ. ಮುಲಾಮನ್ನು ಬಿಟ್ಟರೆ ಇನ್ನೂ ಹೆಚ್ಚಿನ ಉರಿ. ಪರೀಕ್ಷೆ ಹತ್ತಿರವಾದ ದಿನಗಳಲ್ಲಿ ಆ ಜಾಣ ಹುಡುಗಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದಳು. ಚರ್ಮವೈದ್ಯರ ಚಿಕಿತ್ಸೆಯಿಂದ ಆಕೆ ಚೇತರಿಸಿಕೊಳ್ಳಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಇಂಥ ಅನಾಹುತಗಳು ದೇಶದಾದ್ಯಂತ ಹೆಚ್ಚಿದ್ದರಿಂದ ಭಾರತ ಸರ್ಕಾರವು 2018ರಲ್ಲಿ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ಕೊಳ್ಳುವವರಲ್ಲಿ ವಿವೇಕವಿಲ್ಲದಿದ್ದರೆ ಕಾನೂನೊಂದೇ ಏನು ಮಾಡೀತು?

ಮನೆಮದ್ದೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವೆಂದು ತಿಳಿಯಬಾರದು. ನಿಂಬೆರಸವನ್ನು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆಯಾಗಬಹುದು. ಹೊಸ ವಸ್ತು ಯಾವುದೇ ಇರಲಿ, ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಕೆಲವು ದಿನ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು; ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂದು ತಿಳಿಯುವ ಬಗೆ ಹೇಗೆ? ಹೊರಚರ್ಮ ಹೊಸದಾಗಲು ನಾಲ್ಕು ವಾರ ಬೇಕೆಂಬುದನ್ನು ನೆನೆದು, ಫಲಕ್ಕಾಗಿ ಅಷ್ಟು ಕಾಲವಾದರೂ ಕಾಯಬೇಕು. ಸೊಪ್ಪು, ತರಕಾರಿ, ಹಣ್ಣು, ಬೇಳೆಗಳಿಂದ ಕೂಡಿದ ಊಟ, ಸಾಕಷ್ಟು ನಿದ್ದೆ, ಬೀಡಿ ಸಿಗರೇಟುಗಳಿಂದ ದೂರವಿರುವುದು ಇವು ಒಳಗಿನಿಂದ ಚರ್ಮವನ್ನು ಪೋಷಿಸುತ್ತವೆ.

ಕೆಲವು ಚಿಹ್ನೆಗಳು ಕಂಡಾಗ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಮಚ್ಚೆಯೊಂದು ಬೆಳೆಯುತ್ತ ಆಕಾರವನ್ನೋ ಬಣ್ಣವನ್ನೋ ಬದಲಿಸಿದರೆ, ಹುಣ್ಣು ವಾರಗಟ್ಟಲೆ ಮಾಯದಿದ್ದರೆ, ತುರಿಕೆ ಮನೆಮಂದಿಗೆಲ್ಲ ಹರಡಿದರೆ ಅದನ್ನು ಕಡೆಗಣಿಸಬಾರದು. ಮಾಸಲು ಬಣ್ಣದ ಕಲೆಯೊಂದರಲ್ಲಿ ಸ್ಪರ್ಶಜ್ಞಾನವೇ ಇಲ್ಲದಿದ್ದರೆ ಅದು ಕುಷ್ಠರೋಗದ ಮೊದಲ ಸೂಚನೆಯಾಗಿರಬಹುದು. ಹೆದರಬೇಕಾಗಿಲ್ಲ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಔಷಧದಿಂದ ಅದು ಪೂರ್ಣವಾಗಿ ವಾಸಿಯಾಗುತ್ತದೆ. ತೊನ್ನು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೇ ಅಲ್ಲ. ಅಂಥವರೊಡನೆ ಕುಳಿತು ಉಣ್ಣಲು ಹಿಂಜರಿಯುವುದು ಅಜ್ಞಾನ, ಅವರ ಮನಸ್ಸಿಗೆ ಮಾಡುವ ಗಾಯ.

ಚರ್ಮ ನಮ್ಮ ನಿತ್ಯದ ನಡವಳಿಕೆಯನ್ನು ಬರೆದಿಡುವ ಲೆಕ್ಕದ ಪುಸ್ತಕವಿದ್ದಂತೆ. ಇಂದಿನ ಅಲಕ್ಷ್ಯ ಅದರಲ್ಲಿ ಇಂದೇ ಕಾಣದೆ ಇಪ್ಪತ್ತು ವರ್ಷಗಳ ಮೇಲೆ ಕಾಣಬಹುದು. ಇಂದಿನ ಒಳ್ಳೆಯ ಅಭ್ಯಾಸವೂ ಹಾಗೆಯೇ. ಸೌಮ್ಯವಾಗಿ ತೊಳೆದು, ತೇವವನ್ನು ಕಾದು, ಬಿಸಿಲಿಗೆ ನೆರಳು ಹಿಡಿದು, ಹುಟ್ಟಿನಿಂದ ಬಂದ ಬಣ್ಣವನ್ನು ಗೌರವದಿಂದ ಧರಿಸಿದವನಿಗೆ ಚರ್ಮ ತನ್ನ ಸೇವೆಯನ್ನು ಮುಪ್ಪಿನವರೆಗೂ ತಪ್ಪದೆ ಸಲ್ಲಿಸುತ್ತದೆ.