ನೆರೆ ಇಳಿದ ಮೇಲೆ ನೆಲ ಯಾರದು?

ನೆರೆಹಾವಳಿಯಲ್ಲಿ ಮನೆ ಕಳೆದುಕೊಂಡವರೆಲ್ಲರ ದುಃಖವೂ ಒಂದೇ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ನೀರು ಇಳಿದ ಮರುದಿನವೇ ಸಂತ್ರಸ್ತರಲ್ಲಿ ಎರಡು ವರ್ಗಗಳು ಕಾಣಿಸಿಕೊಳ್ಳುತ್ತವೆ. ಗೋಡೆ ಬಿದ್ದರೂ ನೆಲ ಉಳಿದಿರುವ ಮಾಲೀಕರದು ಒಂದು. ಗೋಡೆಯೊಡನೆ ಸರ್ವಸ್ವವನ್ನೂ ಕಳೆದುಕೊಂಡ ಬಾಡಿಗೆದಾರರದು ಇನ್ನೊಂದು. ಪುಣೆ ನಗರವು ಈ ಸತ್ಯವನ್ನು 1961ರಲ್ಲಿ ಕಣ್ಣಾರೆ ಕಂಡಿತು.

ಆ ವರ್ಷದ ಜುಲೈ 12ರಂದು, ಅಂಬಿ ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಪಾನಶೇತ್ ಮಣ್ಣಿನ ಅಣೆಕಟ್ಟು ಒಡೆಯಿತು. ಆ ಪ್ರವಾಹದ ರಭಸಕ್ಕೆ ಕೆಳಗಿದ್ದ ಖಡಕವಾಸಲಾ ಅಣೆಕಟ್ಟೂ ಉಳಿಯಲಿಲ್ಲ. ಮುಠಾ ನದಿಯ ನೀರು ನಾರಾಯಣ ಪೇಠ, ಶನಿವಾರ ಪೇಠಗಳನ್ನೂ ಸದಾಶಿವ ಪೇಠದ ತಗ್ಗಿನ ಭಾಗಗಳನ್ನೂ ಹೊಕ್ಕಿತು. ನಗರಕ್ಕೆ ನೀರುಣಿಸುತ್ತಿದ್ದ ಜಲಾಶಯವೇ ಬರಿದಾದುದರಿಂದ, ನೆರೆಯ ಬೆನ್ನಿಗೇ ಕುಡಿಯುವ ನೀರಿಗೂ ಹಾಹಾಕಾರವೆದ್ದಿತು.

ಈ ಪೇಠಗಳ ವಾಡೆಗಳು ಮಣ್ಣು, ಇಟ್ಟಿಗೆ, ಮರಗಳ ಕಟ್ಟಡಗಳು. ಒಂದೇ ಅಂಗಳದ ಸುತ್ತ ಮಾಲೀಕನ ಜೊತೆಗೆ ಹಲವು ಬಾಡಿಗೆ ಕುಟುಂಬಗಳು ಬಾಳುತ್ತಿದ್ದವು. 1947ರ ಮುಂಬಯಿ ಬಾಡಿಗೆ ಕಾಯಿದೆ ಅವರಿಗೆ ರಕ್ಷಣೆ ನೀಡಿತ್ತು. ಆದರೆ ಮನೆಯೇ ಇಲ್ಲವಾದಾಗ ಬಾಡಿಗೆಯ ಹಕ್ಕಿನ ಗತಿಯೇನು? ಕಟ್ಟಡ ನಾಶವಾದೊಡನೆ ಬಾಡಿಗೆದಾರನ ಹಕ್ಕೂ ಅಳಿಯುತ್ತದೆಂದು ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪಿತ್ತಿತು. ಹಾಗೆ ಅಳಿಯುವುದಿಲ್ಲವೆಂದು ಮೂವರು ನ್ಯಾಯಾಧೀಶರ ಪೀಠ 2014ರಲ್ಲಿ ಸ್ಪಷ್ಟಪಡಿಸಿತು. 1961ರ ಸಂತ್ರಸ್ತರಿಗೆ ಇಂಥ ಸ್ಪಷ್ಟತೆಯ ಆಸರೆ ಇರಲಿಲ್ಲ.

ಪುನರ್ವಸತಿಯ ಹೊಣೆ ಹೊತ್ತವರು, ಹಿಂದೆ ನಗರಪಾಲಿಕೆಯ ಆಯುಕ್ತರಾಗಿದ್ದ ಸ. ಗೋ. ಬರ್ವೆಯವರು. ಗೋಖಲೆನಗರದಲ್ಲಿ ಅರ್ಧಚಂದ್ರಾಕಾರದ ನಿಸೆನ್ ಗುಡಿಸಲುಗಳು ಎದ್ದವು; ಲೋಕಮಾನ್ಯನಗರ, ಸಹಕಾರನಗರಗಳು ಬೆಳೆದವು. ಇವುಗಳಲ್ಲಿ ಗಮನಾರ್ಹವಾದುದು ಸಹಕಾರದ ಮಾರ್ಗ. ಸಂತ್ರಸ್ತರ ನೂರಕ್ಕೂ ಹೆಚ್ಚು ಗೃಹನಿರ್ಮಾಣ ಸಂಘಗಳಿಗೆ ಸರಕಾರಿ ಭೂಮಿ ಗುತ್ತಿಗೆಯ ಮೇಲೆ ದೊರೆಯಿತು. ನಿನ್ನೆಯ ಬಾಡಿಗೆದಾರನು ಸಂಘದ ಸದಸ್ಯನಾಗಿ ಮನೆಯ ಒಡೆಯನಾದನು.

ಇದಕ್ಕೆ ಹತ್ತಿರದ ಕಲ್ಪನೆಯೊಂದು ಮುಂದೆ ಅಮೆರಿಕದಲ್ಲಿ ರೂಪುಗೊಂಡಿತು. 1969ರಲ್ಲಿ ಜಾರ್ಜಿಯ ರಾಜ್ಯದ ಕಪ್ಪು ಜನಾಂಗದ ರೈತರಿಗಾಗಿ ‘ನ್ಯೂ ಕಮ್ಯುನಿಟೀಸ್’ ಎಂಬ ಸಮುದಾಯ ಭೂ ನ್ಯಾಸ ಸ್ಥಾಪಿತವಾಯಿತು. ಅದರ ಪ್ರೇರಣೆಗಳಲ್ಲಿ ವಿನೋಬಾ ಭಾವೆಯವರ ಗ್ರಾಮದಾನವೂ ಒಂದೆಂಬುದು ಭಾರತೀಯರಿಗೆ ಹೆಮ್ಮೆಯ ಸಂಗತಿ. ಇಂಥ ನ್ಯಾಸದಲ್ಲಿ ನೆಲ ಸಮುದಾಯದ್ದು, ಮನೆ ಕುಟುಂಬದ್ದು. ಸದಸ್ಯನು ಮನೆ ಮಾರಬಹುದು. ಆದರೆ ಬೆಲೆಗೆ ಮಿತಿಯುಂಟು. ನೆಲದ ಬೆಲೆಯ ಏರಿಕೆ ಒಬ್ಬನ ಕಿಸೆ ಸೇರದೆ, ಮುಂದೆ ಬರುವ ಬಡ ಕುಟುಂಬಕ್ಕೂ ಆ ಮನೆ ಎಟುಕುವಂತೆ ಉಳಿಯುತ್ತದೆ. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪವನ್ನು ಧ್ವಂಸಗೊಳಿಸಿದಾಗ, ಹಕ್ಕುಪತ್ರವಿಲ್ಲದ ಅನೇಕರ ಪರಿಹಾರದ ಅರ್ಜಿಗಳು ತಿರಸ್ಕೃತವಾದವು. ವಿಪತ್ತಿಗೆ ಮೊದಲೇ ಹಕ್ಕು ಭದ್ರವಾಗಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪುಣೆಯ ಸಂಘಗಳಲ್ಲಿ ಬೆಲೆಯ ಮಿತಿಯೆಂಬ ಈ ಬೀಗ ಬಲವಾಗಿರಲಿಲ್ಲ. ಗುತ್ತಿಗೆಯ ಕರಾರುಗಳಿಂದ ವರ್ಗಾವಣೆಗೂ ಮರುನಿರ್ಮಾಣಕ್ಕೂ ತೊಡಕಾಗುತ್ತದೆಂದು ನಿವಾಸಿಗಳು ಬಹುಕಾಲ ಅಹವಾಲು ಸಲ್ಲಿಸಿದರು. 2019ರಲ್ಲಿ ರಾಜ್ಯ ಸರಕಾರ ಮಾಲೀಕತ್ವಕ್ಕೆ ದಾರಿ ತೆರೆಯಿತು. ಆರು ದಶಕ ಕಾದವರಿಗೆ ಅದು ನ್ಯಾಯವೇ ಸರಿ. ಆದರೆ ಒಮ್ಮೆ ಪೇಟೆಗೆ ಬಂದ ನೆಲ, ನಾಳೆಯ ನಿರಾಶ್ರಿತನಿಗೆ ಮತ್ತೆ ಸಿಗುವುದು ದುರ್ಲಭ.

ಉದ್ಯೋಗ ಅರಸಿ ಪರನಾಡಿಗೆ ಬಂದವರು ಮೊದಲು ಬಾಡಿಗೆದಾರರೇ. ಆದುದರಿಂದ ಕರಾರುಪತ್ರವನ್ನು ನೋಂದಾಯಿಸುವುದು, ಬಾಡಿಗೆಯ ರಸೀದಿಗಳನ್ನು ಕಾಪಾಡುವುದು, ಸಂಘದ ಹೆಸರಿಗೆ ನೆಲದ ಹಕ್ಕು ವರ್ಗವಾಗಿದೆಯೇ ಎಂದು ಪರಿಶೀಲಿಸುವುದು, ಕಟ್ಟಡಕ್ಕೆ ವಿಮೆ ಮಾಡಿಸುವುದು ಅತ್ಯವಶ್ಯ. ನೆರೆ ಬರುವಾಗ ಯಾರನ್ನೂ ವಿಚಾರಿಸಿ ಬರುವುದಿಲ್ಲ; ಪರಿಹಾರವಾದರೋ ಕಾಗದವನ್ನು ವಿಚಾರಿಸದೆ ಬರುವುದಿಲ್ಲ.